ಕಣ್ಣಿನ ಒತ್ತಡ 27, ಆದರೆ ನರ ಸರಿಯಿದೆ: ಈಗಲೇ ಹನಿ ಔಷಧ ಬೇಕೇ, ಕಾಯಬಹುದೇ?

ದಾರಿಹೋಕ

ಹೊಸ ಕನ್ನಡಕಕ್ಕೆಂದು ಕಣ್ಣು ತೋರಿಸಲು ಹೋದವನು ಬೇರೆಯದೇ ಚಿಂತೆ ಹೊತ್ತು ಬಂದಿದ್ದೇನೆ. ಬಲಗಣ್ಣಿನ ಒತ್ತಡ 27, ಎಡಗಣ್ಣಿನದು 25. ಸಾಮಾನ್ಯವೆಂದರೆ 10ರಿಂದ 21 ಅಂತೆ. ಹಿಂಭಾಗದ ನರ ಚೆನ್ನಾಗಿದೆ, ಸ್ಕ್ಯಾನ್ ಚೆನ್ನಾಗಿದೆ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತುವ ಆ ಪರೀಕ್ಷೆಯೂ ಸರಿಯಾಗಿದೆ. ಅಂದರೆ ಕಣ್ಣಿನ ನರ ಕೆಟ್ಟು ನೋಟ ಹೋಗುವ ಗ್ಲಾಕೋಮಾ ಇಲ್ಲ.

ಆದರೂ ಮೊದಲ ವೈದ್ಯರು "ಇವತ್ತಿನಿಂದಲೇ ರಾತ್ರಿ ಒಂದು ಹನಿ ಶುರು ಮಾಡಿ, ನಿಲ್ಲಿಸುವಂತಿಲ್ಲ" ಎಂದರು. ಎರಡನೆಯ ಅಭಿಪ್ರಾಯ ಕೇಳಲು ಹೋದರೆ "ಸದ್ಯಕ್ಕೆ ಏನೂ ಬೇಡ, ಆರು ತಿಂಗಳಿಗೊಮ್ಮೆ ಬಂದು ತೋರಿಸಿ" ಎಂದರು. ಇಬ್ಬರೂ ನುರಿತವರು, ನೋಡಿದ್ದೂ ಅದೇ ವರದಿಗಳನ್ನು. ನನ್ನ ವಯಸ್ಸು 46. ಅಮ್ಮನಿಗೆ ಕೊನೆಗಾಲದಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಅದು ಪೊರೆಯೋ ಗ್ಲಾಕೋಮಾವೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಇಲ್ಲದ ಕಾಯಿಲೆಗೆ ಬದುಕಿಡೀ ಔಷಧ ಹಾಕಿಕೊಳ್ಳಬೇಕೇ? ಅನುಭವವಿದ್ದವರು ಹೇಳಿ. "ವೈದ್ಯರನ್ನು ಕೇಳಿ" ಎಂದು ಮಾತ್ರ ಬರೆಯಬೇಡಿ. ಇಬ್ಬರನ್ನು ಕೇಳಿದ್ದಕ್ಕೇ ಈ ಫಜೀತಿ.

ಬೆಳಕಿಂಡಿ

ಹಾಕಿಕೊಳ್ಳಿ. ಯೋಚನೆಯೇ ಬೇಡ. ನಮ್ಮ ತಂದೆಯವರಿಗೆ ನೋವಿರಲಿಲ್ಲ, ಕಣ್ಣು ಕೆಂಪಾಗಿರಲಿಲ್ಲ, ಪತ್ರಿಕೆ ಓದಲು ಏನೂ ತೊಂದರೆಯಿರಲಿಲ್ಲ. ಮೆಟ್ಟಿಲು ಇಳಿಯುವಾಗ ಎಡವತೊಡಗಿದರು, ವಯಸ್ಸಾಯಿತು ಎಂದುಕೊಂಡೆವು. ಪರೀಕ್ಷೆಯಾಗುವ ಹೊತ್ತಿಗೆ ಒಂದು ಕಣ್ಣಿನ ಸುತ್ತಲಿನ ನೋಟ ಬಹುಪಾಲು ಹೋಗಿತ್ತು. ಪೊರೆಯಾದರೆ ತೆಗೆಸಿಕೊಂಡು ಮತ್ತೆ ನೋಡಬಹುದು. ಇದರಲ್ಲಿ ಹೋದದ್ದು ಹೋಯಿತು.

ಮೊಂಡುವಾದಿ

ಬೆಳಕಿಂಡಿಯವರ ತಂದೆಯ ವಿಷಯ ಓದಿ ಸಂಕಟವಾಯಿತು. ಆದರೆ ಅವರಿಗೆ ಇದ್ದದ್ದು ಗ್ಲಾಕೋಮಾ. ದಾರಿಹೋಕರಿಗೆ ಇರುವುದು ಒಂದು ಸಂಖ್ಯೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ಹೆದರಿಸುವುದು ನ್ಯಾಯವಲ್ಲ. ಒತ್ತಡ 21 ದಾಟಿದವರಲ್ಲಿ ಹೆಚ್ಚಿನವರಿಗೆ ಗ್ಲಾಕೋಮಾ ಬರುವುದೇ ಇಲ್ಲ. ನನ್ನದೂ ಬಹಳ ಕಾಲದಿಂದ 23, 24ರ ಆಸುಪಾಸಿನಲ್ಲಿದೆ. ಒಂದು ಹನಿಯನ್ನೂ ಹಾಕಿಲ್ಲ, ನರ ಇದ್ದ ಹಾಗೆಯೇ ಇದೆ.

ನೀಲಿಶಾಯಿ

ಹಿಂಬಾಲಿಸುತ್ತಿದ್ದೇನೆ. ನನ್ನದೂ ಇದೇ ಕಥೆ.

ಅಂಕಿಪ್ರಿಯ

ಇಬ್ಬರು ವೈದ್ಯರೂ ಒಂದೇ ಅಧ್ಯಯನವನ್ನು ಎರಡು ದಿಕ್ಕಿನಿಂದ ಓದಿರುವ ಸಾಧ್ಯತೆ ಹೆಚ್ಚು. ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗವೊಂದಿದೆ, ಓಎಚ್‌ಟಿಎಸ್ ಎಂದು ಕರೆಯುತ್ತಾರೆ. ಅದರಲ್ಲಿ ಇದ್ದವರು ಥೇಟ್ ದಾರಿಹೋಕರಂಥವರೇ: ವಯಸ್ಸು 40ರಿಂದ 80, ಒಂದು ಕಣ್ಣಿನಲ್ಲಿ ಒತ್ತಡ 24ರಿಂದ 32, ನರಕ್ಕೆ ಹಾನಿಯಿಲ್ಲ, ನೋಟದ ಹರವು ಸರಿಯಿದೆ. ಒಟ್ಟು 1636 ಜನ. ಅರ್ಧದಷ್ಟು ಮಂದಿಗೆ ಹನಿ ಔಷಧ, ಉಳಿದವರಿಗೆ ಬರೀ ತಪಾಸಣೆ. ಒತ್ತಡವನ್ನು ಕನಿಷ್ಠ 20% ಇಳಿಸಿ 24 ಅಥವಾ ಅದಕ್ಕಿಂತ ಕೆಳಗೆ ತರುವುದು ಗುರಿಯಾಗಿತ್ತು.

2002ರಲ್ಲಿ ಫಲಿತಾಂಶ ಬಂತು. ಐದು ವರ್ಷಗಳಲ್ಲಿ ಗ್ಲಾಕೋಮಾ ಕಾಣಿಸಿಕೊಂಡದ್ದು ಔಷಧ ಇಲ್ಲದವರಲ್ಲಿ 9.5%, ಔಷಧ ಹಾಕಿದವರಲ್ಲಿ 4.4%. ಅಪಾಯ ಅರ್ಧಕ್ಕಿಂತ ಕಡಿಮೆಯಾಯಿತು. ಮೊದಲ ವೈದ್ಯರು ಹಿಡಿದಿರುವುದು ಈ ತುದಿಯನ್ನು. ಔಷಧವಿಲ್ಲದೆಯೂ 90%ಗಿಂತ ಹೆಚ್ಚು ಮಂದಿಗೆ ಐದು ವರ್ಷ ಏನೂ ಆಗಲಿಲ್ಲ. ಎರಡನೆಯವರು ಹಿಡಿದಿರುವುದು ಈ ತುದಿಯನ್ನು. ಇಬ್ಬರೂ ಸುಳ್ಳು ಹೇಳಿಲ್ಲ.

ಮೊಂಡುವಾದಿ

ಸರಿ, ಅದೇ ಲೆಕ್ಕವನ್ನು ಮುಂದುವರಿಸಿ. 9.5ರಲ್ಲಿ 4.4 ಕಳೆದರೆ ಸುಮಾರು 5. ಅಂದರೆ ಒಬ್ಬರಿಗೆ ಐದು ವರ್ಷದೊಳಗೆ ಗ್ಲಾಕೋಮಾ ತಪ್ಪಿಸಲು ಇಪ್ಪತ್ತು ಜನ ದಿನವೂ ಹನಿ ಹಾಕಿಕೊಳ್ಳಬೇಕು. ಹತ್ತೊಂಬತ್ತು ಜನರ ಪಾಲಿಗೆ ಬರೀ ಉರಿ, ಕೆಂಪು ಕಣ್ಣು, ಖರ್ಚು. "ಅರ್ಧಕ್ಕಿಂತ ಕಡಿಮೆ" ಎಂಬುದು ಕೇಳಲು ಬಹಳ ಚೆಂದ. ಔಷಧ ಕಂಪನಿಗಳಿಗೆ ಇನ್ನೂ ಚೆಂದ.

ಅಂಕಿಪ್ರಿಯ

ಆ ಪ್ರಯೋಗಕ್ಕೆ ಮುಖ್ಯವಾಗಿ ಹಣ ಕೊಟ್ಟದ್ದು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ. ಅದಿರಲಿ, ಇಪ್ಪತ್ತರ ಲೆಕ್ಕ ಸರಿ. ಆದರೆ ಅದು ಎಲ್ಲರನ್ನೂ ಒಟ್ಟಿಗೆ ಸೇರಿಸಿದ ಲೆಕ್ಕ, ಐದೇ ವರ್ಷದ ಲೆಕ್ಕ.

ಅದೇ ಜನರ ಹದಿಮೂರು ವರ್ಷಗಳ ವಿವರ 2010ರಲ್ಲಿ ಬಂತು. ಮೊದಲು ಬರೀ ತಪಾಸಣೆಯಲ್ಲಿದ್ದ ಗುಂಪಿಗೂ ಏಳೂವರೆ ವರ್ಷದ ನಂತರ ಹನಿ ಕೊಟ್ಟಿದ್ದರು. ಹಾಗಾಗಿ ಅದು "ಬೇಗ ಶುರು ಮಾಡಿದವರು" ಮತ್ತು "ತಡವಾಗಿ ಶುರು ಮಾಡಿದವರು" ಎಂಬ ಹೋಲಿಕೆ. ಅಪಾಯ ಕಡಿಮೆಯಿದ್ದ ಮೂರನೇ ಒಂದು ಭಾಗದವರಲ್ಲಿ ತಡವಾದವರಿಗೆ 8%, ಬೇಗ ಹಾಕಿದವರಿಗೆ 7%. ವ್ಯತ್ಯಾಸವೇ ಇಲ್ಲ ಎನ್ನಬಹುದು. ಅಪಾಯ ಹೆಚ್ಚಿದ್ದ ಮೂರನೇ ಒಂದು ಭಾಗದಲ್ಲಿ 40% ಮತ್ತು 28%. ಮೊಂಡುವಾದಿಯವರೇ, ಈ ಎರಡನೆಯ ಗುಂಪಿನವರಿಗೂ "ಬರೀ ಒಂದು ಸಂಖ್ಯೆ" ಎನ್ನುತ್ತೀರಾ?

ಇಪ್ಪತ್ತು ವರ್ಷಗಳ ವಿವರವೂ 2021ರಲ್ಲಿ ಬಂದಿದೆ. ಎರಡೂ ಗುಂಪು ಸೇರಿ ಒಂದು ಅಥವಾ ಎರಡೂ ಕಣ್ಣಿಗೆ ಗ್ಲಾಕೋಮಾ ಬಂದವರು ಸುಮಾರು 46%, ನೋಟದ ಹರವಿನಲ್ಲಿ ಕೊರತೆ ಕಂಡವರು 25%. 46 ವಯಸ್ಸಿನವರು ಐದು ವರ್ಷದ ಅಂಕಿ ನೋಡಿ ನಿಶ್ಚಿಂತರಾಗುವುದು ನನಗೆ ಒಪ್ಪಿಗೆಯಿಲ್ಲ.

ಮೊಂಡುವಾದಿ

ಹಾಗಾದರೆ ಪ್ರಶ್ನೆ "ಒತ್ತಡ ಎಷ್ಟು" ಎಂದಲ್ಲ, "ನಾನು ಯಾವ ಗುಂಪು" ಎಂದು. ನಾನು ಹೇಳುತ್ತಿರುವುದೂ ಅದನ್ನೇ. ಸಂಖ್ಯೆ ನೋಡಿ ಶೀಷೆ ಕೊಡಬೇಡಿ.

ಕಣ್ಣಪರೀಕ್ಷಕಿ

ನಾನು ಕಣ್ಣು ಪರೀಕ್ಷಿಸುವ ಕೆಲಸದಲ್ಲಿದ್ದೇನೆ, ವೈದ್ಯೆಯಲ್ಲ. ಇಷ್ಟು ಹೊತ್ತು ಅಂಕಿಗಳ ಕುಸ್ತಿ ನಡೆಯಿತು, ದಾರಿಹೋಕರನ್ನು ಯಾರೂ ಏನೂ ಕೇಳಲಿಲ್ಲ. ನಾನು ಕೇಳುತ್ತೇನೆ.

ಒತ್ತಡ ಅಳೆದದ್ದು ಗಾಳಿ ಊದುವ ಯಂತ್ರದಲ್ಲೋ, ಕಣ್ಣು ಮರಗಟ್ಟಿಸಿ ನೀಲಿ ಬೆಳಕಿನಲ್ಲಿ ಮುಟ್ಟಿ ನೋಡುವ ಗೋಲ್ಡ್‌ಮನ್ ಸಾಧನದಲ್ಲೋ? ಒಂದೇ ಸಲವೋ, ಬೇರೆ ಬೇರೆ ದಿನವೋ? ಒತ್ತಡ ದಿನದೊಳಗೇ ಏರಿಳಿಯುತ್ತದೆ, ಹಲವರಿಗೆ ಬೆಳಗಿನ ಹೊತ್ತು ಹೆಚ್ಚು. ಉಸಿರು ಬಿಗಿಹಿಡಿದರೂ, ರೆಪ್ಪೆಯನ್ನು ಗಟ್ಟಿಯಾಗಿ ಹಿಂಡಿದರೂ ಏರುತ್ತದೆ.

ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ದಪ್ಪ ಅಳೆದರೇ? ಇದು ಬಹಳ ಮುಖ್ಯ. ಕಾರ್ನಿಯಾ ದಪ್ಪಗಿದ್ದರೆ ಸಾಧನ ಹೆಚ್ಚು ತೋರಿಸುತ್ತದೆ, ತೆಳ್ಳಗಿದ್ದರೆ ಕಡಿಮೆ ತೋರಿಸುತ್ತದೆ. ಅಂಕಿಪ್ರಿಯರು ಹೇಳಿದ ಅಧ್ಯಯನದಲ್ಲೇ, ಔಷಧವಿಲ್ಲದೆ ಒತ್ತಡ 25.75ಕ್ಕಿಂತ ಹೆಚ್ಚಿದ್ದವರಲ್ಲಿ, ಕಾರ್ನಿಯಾ 555 ಮೈಕ್ರಾನ್ ಅಥವಾ ಅದಕ್ಕಿಂತ ತೆಳ್ಳಗಿದ್ದವರ ಪೈಕಿ 36% ಮಂದಿಗೆ ಗ್ಲಾಕೋಮಾ ಬಂತು. 588ಕ್ಕಿಂತ ದಪ್ಪಗಿದ್ದವರಲ್ಲಿ 6%. ಒತ್ತಡ ಅದೇ, ಅಪಾಯ ಆರು ಪಟ್ಟು!

ಕೋನ ನೋಡಿದರೇ? ಕಣ್ಣಿಗೆ ಕನ್ನಡಿಯಿರುವ ಮಸೂರ ಇಟ್ಟು, ದ್ರವ ಹೊರಹೋಗುವ ಜಾಗ ತೆರೆದಿದೆಯೋ ಮುಚ್ಚಿದೆಯೋ ನೋಡುವ ಪರೀಕ್ಷೆ. ಮುಚ್ಚಿದ್ದರೆ ಈ ಚರ್ಚೆಯೇ ಬೇರೆ.

ಕೊನೆಯದು: ಸ್ಟಿರಾಯ್ಡ್ ಯಾವುದಾದರೂ ಬಳಸುತ್ತಿದ್ದೀರಾ? ಹನಿ, ಮಾತ್ರೆ, ಮೂಗಿನ ಸ್ಪ್ರೇ, ಇನ್‌ಹೇಲರ್, ಮುಲಾಮು, ಯಾವುದಾದರೂ.

ತೂಗುಯ್ಯಾಲೆ

ನನಗೆ ಲೇಸಿಕ್, ಅಂದರೆ ಕನ್ನಡಕ ಬಿಡಿಸುವ ಲೇಸರ್ ಶಸ್ತ್ರಚಿಕಿತ್ಸೆ, ಆಗಿದೆ. ಕಾರ್ನಿಯಾ ತೆಳ್ಳಗಾಗಿರುತ್ತದಲ್ಲ? ಹಾಗಾದರೆ ನನ್ನ ಒತ್ತಡ 17 ಎಂದರೆ ನಿಜವಾಗಿ ಎಷ್ಟು?

ಕಣ್ಣಪರೀಕ್ಷಕಿ

ಇರುವುದಕ್ಕಿಂತ ಕಡಿಮೆ ತೋರಿಸುತ್ತಿರುವ ಸಾಧ್ಯತೆ ಇದೆ. ಇಂತಿಷ್ಟು ಕೂಡಿಸಿ ಎಂಬ ನಂಬಬಹುದಾದ ಸೂತ್ರ ಇಲ್ಲ. ಅಂತರ್ಜಾಲದಲ್ಲಿ ಸಿಗುವ ಕೋಷ್ಟಕ ಹಿಡಿದು ಲೆಕ್ಕ ಹಾಕಬೇಡಿ. ಕಣ್ಣು ತೋರಿಸಲು ಹೋದಲ್ಲೆಲ್ಲ ಲೇಸಿಕ್ ಆಗಿದೆ ಎಂದು ಮೊದಲೇ ಹೇಳಿ. ಅದಕ್ಕೆ ಮುಂಚಿನ ಅಳತೆಗಳಿದ್ದರೆ ಜೋಪಾನವಾಗಿಡಿ.

ಹಳೆಗಡಿಯಾರ

ನನಗೆ ಬಿಪಿ ಇದೆ. ಬಿಪಿ ಇಳಿದರೆ ಕಣ್ಣಿನ ಒತ್ತಡವೂ ತಾನೇ ಇಳಿಯುವುದಿಲ್ಲವೇ?

ಅಂಕಿಪ್ರಿಯ

ಇಲ್ಲ. ಕಣ್ಣಿನ ಮುಂಭಾಗದಲ್ಲಿ ಸದಾ ಒಂದು ದ್ರವ ಹುಟ್ಟುತ್ತಿರುತ್ತದೆ, ನಿಮಿಷಕ್ಕೆ ಸುಮಾರು 2 ಮೈಕ್ರೋಲೀಟರ್. ಅಷ್ಟೇ ವೇಗದಲ್ಲಿ ಅದು ಜಾಲರಿಯಂಥ ಅಂಗಾಂಶದ ಮೂಲಕ ಹೊರಹೋಗಬೇಕು. ಹೋಗದಿದ್ದರೆ ಒತ್ತಡ ಏರುತ್ತದೆ. ರಕ್ತದೊತ್ತಡದೊಂದಿಗೆ ಅದರ ನಂಟು ಬಹಳ ಸಡಿಲ. ಬಿಪಿಗೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು ಕಣ್ಣಿನ ಒತ್ತಡವನ್ನೂ ಸ್ವಲ್ಪ ಇಳಿಸುವುದು ನಿಜ. ಆದರೆ ಬಿಪಿಯನ್ನು, ಅದರಲ್ಲೂ ರಾತ್ರಿ ಹೊತ್ತು, ಅತಿಯಾಗಿ ಇಳಿಸಿದರೆ ನರಕ್ಕೆ ರಕ್ತ ಸಾಲದೆ ಕೆಡುಕಾಗಬಹುದು.

ಮುಂಗಾರುಮೋಡ

ಗಾಂಜಾ ಕಣ್ಣಿನ ಒತ್ತಡ ಇಳಿಸುತ್ತದೆ ಎಂದು ಎಲ್ಲೋ ಓದಿದ್ದೆ. 🙂

ಅಂಕಿಪ್ರಿಯ

ಮೂರು ನಾಲ್ಕು ಗಂಟೆ ಇಳಿಸುತ್ತದೆ. ಹಗಲು ರಾತ್ರಿ ಇಳಿದಿರಬೇಕೆಂದರೆ ಹಗಲು ರಾತ್ರಿ ಸೇದಬೇಕು. ಜೊತೆಗೆ ಬಿಪಿಯೂ ಇಳಿಯುತ್ತದೆ, ಮೇಲೆ ಬರೆದ ತೊಂದರೆ. ನೇತ್ರವೈದ್ಯರ ಸಂಘಗಳು ಇದನ್ನು ಚಿಕಿತ್ಸೆಯೆಂದು ಒಪ್ಪುವುದಿಲ್ಲ.

ನಿರ್ವಾಹಕ

ಆ ದಾರಿ ಅಲ್ಲಿಗೇ ನಿಲ್ಲಲಿ.

ದಾರಿಹೋಕ

ಎಲ್ಲರಿಗೂ ಧನ್ಯವಾದ. ಕಣ್ಣಪರೀಕ್ಷಕಿಯವರೇ, ಕಡತ ಹುಡುಕಿ ನೋಡಿದೆ. ಇಬ್ಬರೂ ಗೋಲ್ಡ್‌ಮನ್ ಸಾಧನದಲ್ಲೇ ಅಳೆದಿದ್ದಾರೆ, ಬೇರೆ ಬೇರೆ ದಿನ, ಒಂದು ಅಂಕಿಯಷ್ಟೇ ವ್ಯತ್ಯಾಸ. ಕಾರ್ನಿಯಾ 538. ಕೋನ "ತೆರೆದಿದೆ" ಎಂದು ಬರೆದಿದ್ದಾರೆ. ಸ್ಟಿರಾಯ್ಡ್ ಹನಿ ಯಾವುದೂ ಇಲ್ಲ. ರೆಪ್ಪೆಯ ಮೇಲೆ ತುರಿಕೆಗೆಂದು ಚರ್ಮವೈದ್ಯರು ಕೊಟ್ಟ ಮುಲಾಮು ಮಾತ್ರ ಹಚ್ಚುತ್ತಿದ್ದೇನೆ. ಅದು ಹೊರಗಡೆ ಹಚ್ಚುವುದು, ಲೆಕ್ಕಕ್ಕೆ ಬರುವುದಿಲ್ಲವಲ್ಲ?

ಕಣ್ಣಪರೀಕ್ಷಕಿ

ಬರುತ್ತದೆ! ಮುಲಾಮಿನ ಹೆಸರೇನು? ಎಷ್ಟು ಕಾಲದಿಂದ?

ದಾರಿಹೋಕ

ಕೊಳವೆಯ ಮೇಲೆ ಬೀಟಾಮೆಥಾಸೋನ್ ಎಂದಿದೆ. ಮಳೆಗಾಲ ಶುರುವಾದಾಗಿನಿಂದ ಬಿಟ್ಟು ಬಿಟ್ಟು ಹಚ್ಚುತ್ತಿದ್ದೇನೆ. ನೇತ್ರವೈದ್ಯರಿಬ್ಬರೂ "ಬೇರೆ ಔಷಧ ಏನಾದರೂ ಇದೆಯೇ" ಎಂದು ಕೇಳಿದ್ದರು. ಮಾತ್ರೆ ಯಾವುದೂ ಇಲ್ಲವಲ್ಲ ಎಂದು "ಇಲ್ಲ" ಎಂದಿದ್ದೆ.

ಮೊಂಡುವಾದಿ

ನೋಡಿ! ಇನ್ನೇನು ಬದುಕಿಡೀ ಹನಿ ಹಾಕಿಸುವವರಿದ್ದರು.

ಕಣ್ಣಪರೀಕ್ಷಕಿ

ಮೊಂಡುವಾದಿಯವರು ಸಂಭ್ರಮಪಡುವ ಮುಂಚೆ ಪೂರ್ತಿ ಕೇಳಿ.

ಬೀಟಾಮೆಥಾಸೋನ್ ಪ್ರಬಲವಾದ ಸ್ಟಿರಾಯ್ಡ್. ರೆಪ್ಪೆಯ ಚರ್ಮ ತೀರಾ ತೆಳು, ಹಚ್ಚಿದ್ದು ಕಣ್ಣಿಗೂ ಇಳಿಯುತ್ತದೆ. ಸ್ಟಿರಾಯ್ಡ್ ಹನಿಯನ್ನು ಕೆಲವು ವಾರ ಹಾಕಿದರೆ ಸುಮಾರು ಮೂರನೇ ಒಂದು ಭಾಗದ ಜನರಿಗೆ ಒತ್ತಡ ಸ್ವಲ್ಪವಾದರೂ ಏರುತ್ತದೆ, ನೂರಕ್ಕೆ ಐದಾರು ಜನರಿಗೆ ವಿಪರೀತ ಏರುತ್ತದೆ. ಮುಲಾಮಿನಿಂದ ಇದು ಅಪರೂಪ, ಆದರೆ ಆಗುತ್ತದೆ. ಹೆಚ್ಚಿನವರಿಗೆ ನಿಲ್ಲಿಸಿದ ಕೆಲವು ವಾರಗಳಲ್ಲಿ ಇಳಿಯುತ್ತದೆ. ಬಹುಕಾಲ ಬಳಸಿದ್ದರೆ ಇಳಿಯದೆ ಉಳಿಯುವುದೂ ಉಂಟು.

ನಿಮ್ಮ ವಿಷಯದಲ್ಲಿ ಕಾರಣ ಇದೇ ಎಂದು ನಾನು ಹೇಳಲಾರೆ. ಬಳಕೆ ಬಿಟ್ಟು ಬಿಟ್ಟು ನಡೆದಿದೆ, ಒತ್ತಡ ಮುಂಚೆಯೂ ಹೀಗೆಯೇ ಇದ್ದಿರಬಹುದು, ಹಿಂದಿನ ಅಳತೆ ನಿಮ್ಮಲ್ಲಿಲ್ಲ. ಮೊದಲು ಚರ್ಮವೈದ್ಯರಿಗೆ ಫೋನ್ ಮಾಡಿ ಸ್ಟಿರಾಯ್ಡ್ ಇಲ್ಲದ ಬದಲಿ ಔಷಧ ಕೇಳಿ. ಆಮೇಲೆ ನೇತ್ರವೈದ್ಯರಲ್ಲಿ ಒಬ್ಬರಿಗೆ ಈ ಕೊಳವೆಯನ್ನೇ ಒಯ್ದು ತೋರಿಸಿ, ಯಾವಾಗ ಮತ್ತೆ ಅಳೆಯಬೇಕೆಂದು ಕೇಳಿ. ಮುಲಾಮು ಬಿಟ್ಟ ಮೇಲೂ ಒತ್ತಡ ಹಾಗೆಯೇ ಇದ್ದರೆ, 538ರ ಕಾರ್ನಿಯಾ ಇಟ್ಟುಕೊಂಡು ನೀವು ಕಡಿಮೆ ಅಪಾಯದ ಗುಂಪಿನವರಲ್ಲ. ಆಗ ಮೊದಲ ವೈದ್ಯರ ಮಾತಿಗೆ ತೂಕ ಹೆಚ್ಚು.

ಬೆಳಕಿಂಡಿ

ಕಣ್ಣು ಕೆಂಪಾದಾಗ ಅಂಗಡಿಯವರು ಕೊಡುವ ಹನಿಗಳಲ್ಲೂ ಸ್ಟಿರಾಯ್ಡ್ ಇರುತ್ತದೆ. ಹಾಕಿದ ತಕ್ಷಣ ಕಣ್ಣು ತಿಳಿಯಾಗುತ್ತದೆ, ಜನ ಅದನ್ನೇ ಮತ್ತೆ ಮತ್ತೆ ಕೊಳ್ಳುತ್ತಾರೆ. ಮಕ್ಕಳ ಕಣ್ಣಿನ ಅಲರ್ಜಿಗೆ ಹೀಗೆ ತಿಂಗಳುಗಟ್ಟಲೆ ಹಾಕಿ ನೋಟ ಕಳೆದುಕೊಂಡ ಪ್ರಕರಣಗಳಿವೆ. ಹೆಸರು ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂದಿದ್ದರೆ ಚೀಟಿಯಿಲ್ಲದೆ ಮುಟ್ಟಬೇಡಿ.

ಚಿಕ್ಕಮೀನು

ಶೀರ್ಷಾಸನ ಮಾಡಿದರೆ ಕಣ್ಣಿಗೆ ರಕ್ತಸಂಚಾರ ಹೆಚ್ಚಿ ಒತ್ತಡ ಸಮವಾಗುತ್ತದೆ ಎಂದು ನಮ್ಮ ಯೋಗ ಶಿಕ್ಷಕರು ಹೇಳುತ್ತಾರೆ. ಯಾರಾದರೂ ಪ್ರಯತ್ನಿಸಿದ್ದೀರಾ?

ಅಂಕಿಪ್ರಿಯ

ದಯವಿಟ್ಟು ಬೇಡ. ತಲೆಕೆಳಗಾಗಿ ನಿಂತಾಗ ಕಣ್ಣಿನ ಒತ್ತಡ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ನಿತ್ಯ ಯೋಗಾಭ್ಯಾಸಿಗಳ ಮೇಲೆಯೇ ಅಳೆದು ನೋಡಿದ್ದಾರೆ. ಕೆಳಗಿಳಿದ ಮೇಲೆ ಸರಿಹೋಗುತ್ತದೆ ನಿಜ, ಆದರೆ ಮೊದಲೇ ಏರಿರುವ ಕಣ್ಣಿಗೆ ಆ ಪರೀಕ್ಷೆ ಏಕೆ?

ಚಿಕ್ಕಮೀನು

ಹಾಗಾದರೆ ಯೋಗವೇ ಕೆಟ್ಟದ್ದು ಎನ್ನುತ್ತೀರಾ? ಎಲ್ಲದಕ್ಕೂ ಪಾಶ್ಚಾತ್ಯ ಔಷಧವೇ ಬೇಕೇ?

ಕಣ್ಣಪರೀಕ್ಷಕಿ

ಯೋಗ ಕೆಟ್ಟದ್ದೆಂದು ಯಾರೂ ಹೇಳಲಿಲ್ಲ. ತಲೆ ಹೃದಯಕ್ಕಿಂತ ಕೆಳಗೆ ಹೋಗುವ ಭಂಗಿಗಳನ್ನು ಬಿಟ್ಟು ಉಳಿದದ್ದನ್ನು ಮಾಡಿ. ಚುರುಕಾಗಿ ನಡೆದರೆ ಒತ್ತಡ ತುಸು ಇಳಿಯುತ್ತದೆ ಕೂಡ. ಉಸಿರುಗಟ್ಟಿ ಭಾರ ಎತ್ತುವುದು, ಬಿಗಿಯಾದ ಈಜುಗನ್ನಡಕ, ಒಂದೇ ಏಟಿಗೆ ಲೀಟರ್‌ಗಟ್ಟಲೆ ನೀರು ಕುಡಿಯುವುದು, ಇವು ಸ್ವಲ್ಪ ಹೊತ್ತು ಏರಿಸುತ್ತವೆ. ಆದರೆ ನಡಿಗೆಯಿಂದ 27 ಇಳಿದು 20 ಆಗುತ್ತದೆ ಎಂದು ಕಾಯಬೇಡಿ, ಅಷ್ಟು ದೊಡ್ಡ ಪರಿಣಾಮ ಅದಕ್ಕಿಲ್ಲ.

ರಾತ್ರಿಪಾಳಿ

ಹನಿಗಳ ಬಗ್ಗೆ ಒಂದು ಮಾತು. ನಮ್ಮ ಸೋದರಮಾವನಿಗೆ ಟಿಮೊಲಾಲ್ ಕೊಟ್ಟಿದ್ದರು. ತಲೆಸುತ್ತು, ಸುಸ್ತು ಎಂದು ಸುತ್ತಾಡಿದ್ದೇ ಸುತ್ತಾಡಿದ್ದು. ಹೃದಯದ ಪರೀಕ್ಷೆ, ರಕ್ತ ಪರೀಕ್ಷೆ, ಒಂದೂ ಬಿಡಲಿಲ್ಲ. ಕೊನೆಗೆ ನಾಡಿ ನಿಧಾನವಾಗಿದೆ ಎಂದು ಕಂಡುಕೊಂಡ ವೈದ್ಯರೊಬ್ಬರು "ಕಣ್ಣಿಗೆ ಏನಾದರೂ ಹಾಕುತ್ತೀರಾ" ಎಂದು ಕೇಳಿದರು. ಹನಿ ಬದಲಿಸಿದ ಮೇಲೆ ಮಾವ ಮೊದಲಿನಂತಾದರು. ಕಣ್ಣಿಗೆ ಹಾಕುವ ಹನಿಯನ್ನು ನಾವು ಔಷಧ ಎಂದೇ ಎಣಿಸುವುದಿಲ್ಲ, ದಾರಿಹೋಕರು ಮುಲಾಮನ್ನು ಎಣಿಸದ ಹಾಗೆ.

ಅಂಕಿಪ್ರಿಯ

ಟಿಮೊಲಾಲ್ ಬೀಟಾ ಬ್ಲಾಕರ್. ಆಸ್ತಮಾ ಇದ್ದವರು, ಹೃದಯಬಡಿತ ನಿಧಾನವಿರುವವರು ಅದನ್ನು ಹಾಕಲೇಬಾರದು. ಈಗ ಹೆಚ್ಚಾಗಿ ಮೊದಲು ಕೊಡುವುದು ಲ್ಯಾಟನೊಪ್ರೋಸ್ಟ್‌ನಂಥ ಪ್ರೋಸ್ಟಾಗ್ಲಾಂಡಿನ್ ಹನಿಗಳನ್ನು. ದಿನಕ್ಕೊಮ್ಮೆ ಸಾಕು. ದೇಹದ ಬೇರೆ ಅಂಗಗಳಿಗೆ ತೊಂದರೆ ಕಡಿಮೆ. ಕಣ್ಣು ಕೆಂಪಾಗಬಹುದು, ರೆಪ್ಪೆಯ ಸುತ್ತ ಕಪ್ಪಾಗಬಹುದು, ರೆಪ್ಪೆಗೂದಲು ಉದ್ದ ಬೆಳೆಯುತ್ತದೆ.

ತೂಗುಯ್ಯಾಲೆ

ರೆಪ್ಪೆಗೂದಲು ಉದ್ದ ಬೆಳೆಯುತ್ತದೆಯೇ? ಇದನ್ನು ಯಾಕೆ ಇಷ್ಟು ತಡವಾಗಿ ಹೇಳುತ್ತಿದ್ದೀರಿ?

ನೀಲಿಶಾಯಿ

ಅದೇ ಜಾತಿಯ ಬಿಮಟೊಪ್ರೋಸ್ಟ್ ಎಂಬ ಔಷಧಕ್ಕೆ ರೆಪ್ಪೆಗೂದಲು ಬೆಳೆಸಲೆಂದೇ ಅಮೆರಿಕದಲ್ಲಿ 2008ರಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಒಂದೇ ಕಣ್ಣಿಗೆ ಹಾಕುವವರ ಪಾಡು ನೋಡಿ. ನನ್ನ ಎಡಗಣ್ಣು ನಾಟಕದ ನಾಯಕಿಯದು, ಬಲಗಣ್ಣು ನನ್ನದೇ.

ಮೊಂಡುವಾದಿ

ಬಹುಕಾಲ ಹಾಕಿದರೆ ಕಣ್ಣಿನ ಸುತ್ತಲಿನ ಕೊಬ್ಬು ಕರಗಿ ಕಣ್ಣು ಒಳಗೆ ಹೋದಂತೆ ಕಾಣುತ್ತದೆ. ಅದನ್ನೂ ಹೇಳಿ. ಚೆಂದದ್ದನ್ನು ಮಾತ್ರ ಹೇಳುವುದಲ್ಲ.

ನೀಲಿಶಾಯಿ

ಹೌದು, ಅದೂ ಇದೆ. ಆದರೆ ನೋಟ ಉಳಿದಿದೆಯಲ್ಲ.

ಹಳೆಗಡಿಯಾರ

ನನ್ನ ತಕರಾರು ಬೇರೆ. ಹನಿ ಹಾಕಲು ಹೋದರೆ ಅರ್ಧ ಕೆನ್ನೆಗೆ, ಅರ್ಧ ದಿಂಬಿಗೆ. ಶೀಷೆ ತಿಂಗಳು ಮುಗಿಯುವ ಮೊದಲೇ ಖಾಲಿ. ಒಂದರ ಬದಲು ಮೂರು ಹನಿ ಹಾಕಿದರೆ ಒಂದಾದರೂ ಒಳಗೆ ಹೋಗಬಹುದು ಎಂದು ಹಾಗೆಯೇ ಮಾಡುತ್ತಿದ್ದೇನೆ.

ಕಣ್ಣಪರೀಕ್ಷಕಿ

ಮೂರು ಹನಿಯಿಂದ ಒತ್ತಡ ಹೆಚ್ಚೇನೂ ಇಳಿಯುವುದಿಲ್ಲ. ಒಂದು ಪೂರ್ತಿ ಹನಿಯನ್ನೇ ಕಣ್ಣು ಹಿಡಿದುಕೊಳ್ಳಲಾರದು, ಉಳಿದದ್ದು ಕೆನ್ನೆಗೆ ಇಲ್ಲವೇ ಕಣ್ಣೀರಿನ ನಾಳದಿಂದ ಮೂಗಿಗೆ, ಅಲ್ಲಿಂದ ರಕ್ತಕ್ಕೆ. ರಾತ್ರಿಪಾಳಿಯವರ ಮಾವನಿಗೆ ಆದದ್ದು ಇದೇ ದಾರಿಯಲ್ಲಿ.

ಹೀಗೆ ಮಾಡಿ. ಮಲಗಿ ಅಥವಾ ತಲೆ ಹಿಂದಕ್ಕೆ ವಾಲಿಸಿ. ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎಳೆದರೆ ಪುಟ್ಟ ಜೇಬಿನಂತಾಗುತ್ತದೆ. ಮೇಲೆ ನೋಡುತ್ತಾ ಆ ಜೇಬಿಗೆ ಒಂದೇ ಹನಿ. ಶೀಷೆಯ ತುದಿ ರೆಪ್ಪೆಗೆ ತಾಗಬಾರದು. ಕೈ ನಡುಗುವುದಾದರೆ ಶೀಷೆ ಹಿಡಿದ ಕೈಯನ್ನು ಹಣೆಯ ಮೇಲೆ ಊರಿಕೊಳ್ಳಿ. ಹನಿ ಬಿದ್ದ ಮೇಲೆ ಪಟಪಟ ರೆಪ್ಪೆ ಬಡಿಯಬೇಡಿ, ಅದು ಔಷಧವನ್ನು ಹೊರಹಾಕುತ್ತದೆ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಲ್ಯಾಟನೊಪ್ರೋಸ್ಟ್ ಆದರೆ ಸಾಮಾನ್ಯವಾಗಿ ತೆರೆಯದ ಶೀಷೆಯನ್ನು ಫ್ರಿಜ್‌ನಲ್ಲಿಡಬೇಕು. ತೆರೆದ ಮೇಲೆ 25 ಡಿಗ್ರಿಯೊಳಗಿನ ಕೋಣೆಯಲ್ಲಿ ಆರು ವಾರ ಇಡಬಹುದು. ಅಷ್ಟರಲ್ಲಿ ಮುಗಿಯದಿದ್ದರೂ ಎಸೆಯಿರಿ. ಹೊರಗೆ ಬಿಟ್ಟರೂ ಹಾಳಾಗದ ತಯಾರಿಕೆಗಳೂ ಇವೆ, ಪೆಟ್ಟಿಗೆಯ ಮೇಲೆ ಬರೆದಿರುತ್ತದೆ.

ಇನ್ನೊಂದು, ಕಣ್ಣು ಉರಿಯುತ್ತದೆ ಎಂದು ಹೇಳದೆ ಕೇಳದೆ ಬಿಡಬೇಡಿ. ಎಷ್ಟೋ ಸಲ ಉರಿ ಬರುವುದು ಔಷಧದಿಂದಲ್ಲ, ಕೆಡದಂತೆ ಸೇರಿಸಿದ ಬೆಂಜಾಲ್ಕೋನಿಯಮ್ ಕ್ಲೋರೈಡ್‌ನಿಂದ. ಅದಿಲ್ಲದ ಹನಿಗಳು ಸಿಗುತ್ತವೆ.

ಹಳೆಗಡಿಯಾರ

ಇದನ್ನು ನನಗೆ ಇಷ್ಟು ಕಾಲ ಯಾರೂ ಹೇಳಿರಲಿಲ್ಲ. ಚೀಟಿ ಬರೆದು ಮುಂದಿನವರನ್ನು ಕರೆಯುವುದಷ್ಟೇ ಗೊತ್ತು ಅವರಿಗೆ.

ಇರುಳುಗಣ್ಣ

ಹನಿ ಬೇಡವೆನ್ನುವವರಿಗೆ ಲೇಸರ್ ಇದೆಯಲ್ಲ, ಅದರ ಸುದ್ದಿಯೇ ಯಾರೂ ಎತ್ತಲಿಲ್ಲ. ಎಸ್‌ಎಲ್‌ಟಿ. ದ್ರವ ಹೊರಹೋಗುವ ಜಾಲರಿಗೆ ಲೇಸರ್ ಬಿಡುತ್ತಾರೆ, ಕೆಲವೇ ನಿಮಿಷ, ಕೊಯ್ಯುವುದಿಲ್ಲ, ನಡೆದುಕೊಂಡು ಮನೆಗೆ ಬರಬಹುದು. ನನಗೆ ಮಾಡಿದಾಗ ಆ ದಿನ ಸ್ವಲ್ಪ ಮಂಜು, ಮರುದಿನ ಕೆಲಸಕ್ಕೆ ಹೋದೆ. ಬ್ರಿಟನ್ನಿನಲ್ಲಿ 718 ಜನರ ಮೇಲೆ ಲೈಟ್ ಎಂಬ ಪ್ರಯೋಗ ನಡೆಯಿತು, 2019ರಲ್ಲಿ ಪ್ರಕಟವಾಯಿತು. ಗ್ಲಾಕೋಮಾ ಇದ್ದವರೂ ಇದ್ದರು, ದಾರಿಹೋಕರಂತೆ ಬರೀ ಒತ್ತಡ ಇದ್ದವರೂ ಇದ್ದರು. ಮೊದಲೇ ಲೇಸರ್ ಮಾಡಿಸಿಕೊಂಡವರಲ್ಲಿ 74% ಮಂದಿಗೆ ಮೂರು ವರ್ಷವಾದರೂ ಹನಿ ಬೇಕಾಗಲಿಲ್ಲ. ಆಮೇಲೆ 2022ರಲ್ಲಿ ಬ್ರಿಟನ್ನಿನ ನೈಸ್ ಸಂಸ್ಥೆ ತನ್ನ ಮಾರ್ಗಸೂಚಿಯನ್ನೇ ಬದಲಿಸಿತು. ಒತ್ತಡ 24 ಅಥವಾ ಹೆಚ್ಚಿದ್ದು ಮುಂದೆ ನೋಟಕ್ಕೆ ಅಪಾಯವಿರುವವರಿಗೆ ಮೊದಲು ಲೇಸರ್ ಕೊಡಿ ಎಂದಿತು.

ಮೊಂಡುವಾದಿ

ಒಮ್ಮೆ ಮಾಡಿದರೆ ಮುಗಿಯಿತೇ?

ಇರುಳುಗಣ್ಣ

ಇಲ್ಲ. ಕೆಲವು ವರ್ಷಗಳಲ್ಲಿ ಪರಿಣಾಮ ಕುಗ್ಗಬಹುದು, ಮತ್ತೆ ಮಾಡಬಹುದು. ಕೆಲವರಿಗೆ ಮೊದಲಿಗೇ ಕೆಲಸ ಮಾಡುವುದಿಲ್ಲ. ಮಾಡಿದ ಕೂಡಲೇ ಒತ್ತಡ ಕೆಲವು ಗಂಟೆ ಏರುವುದುಂಟು, ಅದಕ್ಕೇ ಕಾಯಿಸಿ ನೋಡಿ ಕಳುಹಿಸುತ್ತಾರೆ. ದೊಡ್ಡ ಲಾಭವೆಂದರೆ ಮರೆಯುವ ಪ್ರಶ್ನೆಯಿಲ್ಲ. ಹನಿ ಹಾಕುವುದನ್ನು ನಾನು ವಾರಕ್ಕೆ ಎಷ್ಟು ಸಲ ಮರೆಯುತ್ತಿದ್ದೆನೆಂದು ನನ್ನ ವೈದ್ಯರಿಗೆ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಬೆಳಕಿಂಡಿ

ಆ ಚುಕ್ಕೆ ಪರೀಕ್ಷೆಯನ್ನು ಇಷ್ಟಪಡುವವರು ಯಾರಾದರೂ ಇದ್ದಾರೆಯೇ? ಅರ್ಧ ಹೊತ್ತು ಚುಕ್ಕೆ ಕಂಡಿತೋ ನಾನೇ ಊಹಿಸಿಕೊಂಡೆನೋ ತಿಳಿಯುವುದಿಲ್ಲ.

ಕಣ್ಣಪರೀಕ್ಷಕಿ

ಯಾರೂ ಇಷ್ಟಪಡುವುದಿಲ್ಲ. ಪ್ರಶ್ನೆ ಕಠಿಣವಾಗುತ್ತಾ ಹೋಗುವಂತೆಯೇ ಅದನ್ನು ರೂಪಿಸಿರುವುದು. ನೀವು ಕಂಡುಹಿಡಿದಷ್ಟೂ ಮಂಕು ಚುಕ್ಕೆ ತೋರಿಸುತ್ತದೆ, ಹಾಗಾಗಿ ಆರೋಗ್ಯವಂತರೂ ಬಹಳಷ್ಟು ಚುಕ್ಕೆ ತಪ್ಪಿಸಿಕೊಳ್ಳುತ್ತಾರೆ. ಮೊದಲ ಸಲ ಫಲಿತಾಂಶ ಕೆಟ್ಟದಾಗಿ ಬಂದರೆ ಗಾಬರಿಯಾಗದೆ ಮತ್ತೊಮ್ಮೆ ಮಾಡಿಸಿ.

ದಾರಿಹೋಕ

ಬಹಳ ದಿನಗಳ ನಂತರ ಬರೆಯುತ್ತಿದ್ದೇನೆ. ಚರ್ಮವೈದ್ಯರು ಮುಲಾಮು ಬದಲಿಸಿದರು. ಕೆಲವು ವಾರ ಬಿಟ್ಟು ಒತ್ತಡ ಅಳೆದರು: ಬಲ 24, ಎಡ 22.

ಮೊಂಡುವಾದಿ

ಅಭಿನಂದನೆಗಳು. ಶೀಷೆ ಕೊಳ್ಳದೆ ಉಳಿದಿರಿ.

ಅಂಕಿಪ್ರಿಯ

ನಿಧಾನ. 24 ಇನ್ನೂ ಸಾಮಾನ್ಯವಲ್ಲ, ಕಾರ್ನಿಯಾ ಇನ್ನೂ 538. ಇಳಿದದ್ದರಲ್ಲಿ ಮುಲಾಮಿನ ಪಾಲೆಷ್ಟು, ದಿನದಿಂದ ದಿನಕ್ಕೆ ಆಗುವ ಏರಿಳಿತದ ಪಾಲೆಷ್ಟು ಎಂದು ಒಂದು ಅಳತೆಯಿಂದ ಹೇಳಲಾಗದು. ವೈದ್ಯರು ಏನೆಂದರು?

ದಾರಿಹೋಕ

ಎರಡನೆಯವರು ಮೊದಲಿನ ಮಾತನ್ನೇ ಹೇಳಿದರು. ಮೊದಲನೆಯವರು ಹನಿಯ ಪಟ್ಟು ಸಡಿಲಿಸಿ, "ಮತ್ತೆರಡು ಸಲ ಅಳೆಯೋಣ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. 24ರ ಮೇಲೆಯೇ ನಿಂತರೆ ಲೇಸರ್ ಅಥವಾ ಹನಿ, ಯಾವುದು ಬೇಕೋ ನೀವೇ ಆರಿಸಿ" ಎಂದರು. ಮುಂದೆ ಯಾವ ಕಾರಣಕ್ಕೆ ಸ್ಟಿರಾಯ್ಡ್ ಕೊಟ್ಟರೂ ಒತ್ತಡ ಏರಿತ್ತು ಎಂದು ಮೊದಲೇ ತಿಳಿಸಬೇಕಂತೆ, ಕಡತದ ಮೇಲೆ ಕೆಂಪಕ್ಷರದಲ್ಲಿ ಬರೆದಿದ್ದಾರೆ. ನಾನು ಮೊದಲನೆಯವರಲ್ಲೇ ಮುಂದುವರಿಯುತ್ತೇನೆ. ಹನಿ ಬಿಟ್ಟುಕೊಟ್ಟರೆಂದಲ್ಲ, ಮತ್ತೆ ಯಾವಾಗ ಬರಬೇಕೆಂದು ದಿನಾಂಕ ಬರೆದುಕೊಟ್ಟದ್ದು ಅವರೊಬ್ಬರೇ.

ಮೊಂಡುವಾದಿ

ಇದಕ್ಕೆ ನನ್ನ ತಕರಾರಿಲ್ಲ. ಕಾಯುತ್ತೇನೆ ಎಂದು ಹೇಳಿ ತಪಾಸಣೆಗೆ ಹೋಗದವರೇ ಹೆಚ್ಚು. ನಾನು ಒಂದು ತಪಾಸಣೆಯನ್ನೂ ಬಿಟ್ಟಿಲ್ಲ, ಅದಕ್ಕೇ ನನಗೆ ಹನಿ ಬೇಡವೆನ್ನುವ ಧೈರ್ಯ.

ದಾರಿಹೋಕ

ಇನ್ನೊಂದು ಪ್ರಶ್ನೆ. ಅಮ್ಮನ ಹಳೆಯ ಚೀಟಿಗಳಲ್ಲಿ ಟಿಮೊಲಾಲ್ ಎಂಬ ಹೆಸರು ಸಿಕ್ಕಿತು. ಅಂದರೆ ಪೊರೆಯಷ್ಟೇ ಆಗಿರಲಿಕ್ಕಿಲ್ಲ ಎನಿಸುತ್ತದೆ. ನನ್ನ ತಮ್ಮನಿಗೂ ಹೇಳಬೇಕೇ? ಅವನು ಕನ್ನಡಕವನ್ನೂ ಹಾಕುವುದಿಲ್ಲ, ನೋಟ ಚೆನ್ನಾಗಿದೆ.

ಕಣ್ಣಪರೀಕ್ಷಕಿ

ಇವತ್ತೇ ಹೇಳಿ. ಆ ಚೀಟಿಯನ್ನು ನಿಮ್ಮ ವೈದ್ಯರಿಗೂ ತೋರಿಸಿ, ನಿಮ್ಮ ಅಪಾಯದ ಲೆಕ್ಕವೇ ಬದಲಾಗಬಹುದು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಗ್ಲಾಕೋಮಾ ಇದ್ದರೆ ಉಳಿದವರಿಗೆ ಅಪಾಯ ಹಲವು ಪಟ್ಟು. ತಮ್ಮನಿಗೆ ಒತ್ತಡ ಅಳೆಸಿ ಸುಮ್ಮನಾಗಬೇಡಿ, ಕಣ್ಣಿನ ಪಾಪೆ ಹಿಗ್ಗಿಸಿ ನರವನ್ನೂ ನೋಡಿಸಬೇಕು. ಒತ್ತಡ 16 ಇದ್ದೂ ಗ್ಲಾಕೋಮಾ ಬರುವವರಿದ್ದಾರೆ.

ದಾರಿಹೋಕ

ಹೇಳಿದೆ. "ನನಗೆ ಎಲ್ಲ ಕಾಣುತ್ತದೆ" ಎಂದ.

ಬೆಳಕಿಂಡಿ

ನಮ್ಮ ತಂದೆಯೂ ಹಾಗೆಯೇ ಹೇಳುತ್ತಿದ್ದರು. ನಿಮ್ಮ ತಮ್ಮನ ಫೋನ್ ಸಂಖ್ಯೆ ನನಗೆ ಖಾಸಗಿಯಾಗಿ ಕಳುಹಿಸಿ, ನಾನು ಮಾತನಾಡುತ್ತೇನೆ.